ಗುಡ್ಡದ ಗೆರೆ ನುಣುಪಾದ ಮಳೆಗಾಲ

ರೈಟರ್ ಮಲ್ಲೇಶಣ್ಣ ಒಳಕೋಣೆಯ ಬಾಗಿಲನ್ನು ಭುಜದಿಂದ ನೂಕಿ ತೆಗೆದಾಗ ಮೊದಲು ಮುಖಕ್ಕೆ ಬಂದದ್ದು ಬೆಚ್ಚಗಾದ ಕಂಬಳಿಯ ವಾಸನೆ. ಹಸಿ ಉಣ್ಣೆ, ಬಿಸಿಯಾದ ಧೂಳು, ಎಲ್ಲೋ ತಳದಲ್ಲಿ ಕಾಫಿ ಸಿಪ್ಪೆಯ ಹುಳಿ. ಎಸ್ಟೇಟ್ ಆಫೀಸಿನ ಆ ಕೋಣೆಯಲ್ಲಿ, ಮೇಜಿನ ಮೇಲೆ, ಕಂಪ್ಯೂಟರ್ ಕರಿಕಂಬಳಿ ಹೊದ್ದು ಕೂತಿತ್ತು. ಮೇಜಿನ ಕೆಳಗೆ ತಗಡಿನ ಡಬ್ಬಿಯೊಳಗೆ ಹಳೆಯ ಕಾಲದ ಹಳದಿ ಬಲ್ಬೊಂದು ಉರಿಯುತ್ತಿತ್ತು.

"ಇನ್ನೂ ಬಲ್ಬು ಇಡ್ತೀರಾ ರೈಟ್ರೇ?" ಎಂದೆ.

"ಇಡ್ದೆ ಇದ್ರೆ ಬೂಸ್ಟು ಹಿಡಿತದಲ್ಲ ಸಾರ್. ಗುಜರಿಗೆ ಕೊಟ್ರೂ ಒಣಗಿದ್ದನ್ನೇ ಕೊಡನ ಅಂತ."

ಈ ತಿಂಗಳ ಕೊನೆಗೆ ಅವರು ಕೆಲಸ ಬಿಡುತ್ತಾರೆ. ಹೋದ ವಾರ ಫೋನ್ ಮಾಡಿ, "ಸಿಸ್ಟಮ್ ಗುಜರಿಗೆ ಹಾಕ್ತಾವ್ರೆ. ನಿಮ್ ಗುಡ್ಡ ಇನ್ನೂ ಅದ್ರೊಳಗೇ ಅದೆ. ಬೇಕಾದ್ರೆ ಬಂದು ತಗಂಡೋಗಿ" ಎಂದಿದ್ದರು. ಸುಂಟಿಕೊಪ್ಪದವರೆಗೆ ಬಸ್ಸಿನಲ್ಲಿ, ಅಲ್ಲಿಂದ ಒಳಗೆ ಎಸ್ಟೇಟಿನ ಜೀಪಿನಲ್ಲಿ ಬಂದೆ. ಗುಡ್ಡವನ್ನು ಒಯ್ಯಲು ಬಂದವನಲ್ಲ ನಾನು. ನಾಲ್ಕು ಮಳೆಗಾಲದ ಹಿಂದೆ ಒಂದು ಮಧ್ಯಾಹ್ನ, ಈ ಪರದೆಯ ಮೇಲೆ ನಾನೊಂದು ಸಂಗತಿಯನ್ನು ಕಂಡೆ ಎಂದು ಇಲ್ಲಿನ ಜನಕ್ಕೆ ಹೇಳಿದ್ದೆ. ನಿಜವಾಗಿ ಕಂಡೆನೇ ಎಂದು ತಿಳಿಯಬೇಕಿತ್ತು. ಅದಕ್ಕೆ ಈ ಯಂತ್ರ, ಇದೇ ಸ್ಥಿತಿಯಲ್ಲಿ, ಗುಜರಿಯವನು ಬರುವ ಮೊದಲು ಬೇಕಿತ್ತು.

ನಾನು ಶಿರಂಗಾಲದವನು. ನಮ್ಮ ಅಜ್ಜನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಜೋಳ, ಶುಂಠಿ ಬೆಳೆದ ಮನೆ. ಅದೂ ಕೊಡಗೇ ಆದರೂ ಅಲ್ಲಿ ಮಳೆ ಬಂದು ಹೋಗುತ್ತದೆ. ಸುಂಟಿಕೊಪ್ಪದಿಂದ ಮೇಲಕ್ಕೆ ಬಂದರೆ ಮಳೆ ಬರುವುದಿಲ್ಲ, ಇರುತ್ತದೆ. ಮೈಸೂರಿನಲ್ಲಿ ಭೂವಿಜ್ಞಾನ ಓದಿ, ಯಾವುದರಲ್ಲೂ ನಿಲ್ಲದೆ ಅಲೆಯುತ್ತಿದ್ದ ನನಗೆ ಒಂದು ಮಳೆಗಾಲದ ಮಟ್ಟಿಗೆ ಸಿಕ್ಕ ಕೆಲಸ ಇದು: ಎಸ್ಟೇಟಿನ ಲೈನಿನ ಹಿಂದಿನ ಗುಡ್ಡ ಎಷ್ಟು ವಾಲುತ್ತಿದೆ ಎಂದು ನೋಡುವುದು. ಲೈನು ಎಂದರೆ ಕಾರ್ಮಿಕರ ಸಾಲುಮನೆಗಳು. ಗುಡ್ಡದ ಮೈಯಲ್ಲಿ ಒಂದು ಕೊಳವೆ ಹೂತು, ಅದರೊಳಗೆ ವಾಲಿಕೆಯನ್ನು ಅಳೆಯುವ ಸೆನ್ಸರ್ ಇಳಿಸಿ, ತಂತಿಯನ್ನು ಈ ಕೋಣೆಯವರೆಗೆ ತಂದಿದ್ದರು. ಅಂಕಿಗಳು ನೆಟ್ ಮೂಲಕ ಮೈಸೂರಿನ ಲ್ಯಾಬಿಗೆ ಹೋಗುತ್ತಿದ್ದವು. ಇಲ್ಲಿ ಪರದೆಯ ಮೇಲೆ ಬರುತ್ತಿದ್ದದ್ದು ಒಂದು ಗೆರೆ ಮಾತ್ರ.

ಆ ಗೆರೆಯನ್ನು ಓದುವುದನ್ನು ಮಲ್ಲೇಶಣ್ಣನಿಗೆ ಹೇಳಿಕೊಟ್ಟವನು ನಾನೇ. ಹಣೆಯ ತುಂಬ ವಿಭೂತಿ, ಜೇಬಿನಲ್ಲಿ ಕನ್ನಡಕ, ಅದನ್ನು ಹಾಕಿಕೊಳ್ಳಲು ಸಂಕೋಚ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆಳುಗಳ ಹಾಜರಿ ಬರೆದವರು. ಶನಿವಾರಸಂತೆ ಕಡೆಯವರು. ಪರದೆಯ ಗೆರೆ ಸಣ್ಣ ಸಣ್ಣ ಚುಕ್ಕಿಗಳಿಂದ ಆದದ್ದು. ಗುಡ್ಡ ಕೂದಲೆಳೆಯಷ್ಟು ವಾಲಿದರೆ ಗೆರೆ ಒಂದು ಚುಕ್ಕಿ ಮೇಲೇರಿ ಮತ್ತೆ ನೇರ ಹೋಗುತ್ತಿತ್ತು. ಹಾಗಾಗಿ ಅದು ನೋಡಲು ಮೆಟ್ಟಿಲಿನಂತಿತ್ತು.

"ಮೆಟ್ಟಿಲು ದೂರದೂರ ಇದ್ರೆ ಪರವಾಗಿಲ್ಲ. ಹತ್ತಿರ ಹತ್ತಿರ ಬಂದ್ರೆ ನನ್ನ ಕರೀರಿ" ಎಂದಿದ್ದೆ.

"ಮೆಟ್ಲೇ ಇಲ್ದೆ ಇದ್ರೆ?"

"ಇಲ್ದೆ ಇದ್ರೆ ಗುಡ್ಡ ನಿಂತಿದೆ ಅಂತ."

ಆಗ ಆ ಮಾತು ತಪ್ಪೇನೂ ಆಗಿರಲಿಲ್ಲ. ಆ ಪರದೆಗೆ, ಆ ದಿನಕ್ಕೆ ಅದು ಸರಿಯಾಗಿತ್ತು.

ಇಲ್ಲಿನ ಒಂದು ಪದ್ಧತಿ ಹೇಳಬೇಕು. ಮುಂಗಾರು ಹಿಡಿಯಿತೆಂದರೆ ಈ ಕಡೆ ಯಾರೂ ಕಂಪ್ಯೂಟರನ್ನು ಆರಿಸುವುದಿಲ್ಲ. ಬೀರುವಿನಲ್ಲಿ ಬಲ್ಬು ಉರಿಸಿ ಬಟ್ಟೆ ಕಾಯುವ ಹಾಗೆ, ಯಂತ್ರವನ್ನು ಅದರದೇ ಕಾವಿನಲ್ಲಿ ಕಾಯುತ್ತಾರೆ. ಆರಿಸಿದರೆ ಒಳಗೆ ತೇವ ಕೂತು, ಮತ್ತೆ ಹತ್ತಿಸುವಾಗ ಸುಟ್ಟುಹೋಗುತ್ತದೆ ಎಂಬ ಭಯ. ಹಿಂದೆ ಒಂದು ಹಾಗೇ ಸುಟ್ಟಿತ್ತಂತೆ. ಜೂನಿನಲ್ಲಿ ಹತ್ತಿಸಿದ ಸಿಸ್ಟಮ್ಮು ಮಳೆ ಬಿಡುವವರೆಗೆ ಕಂಬಳಿ ಹೊದ್ದು ಗುಂಯ್‌ಗುಟ್ಟುತ್ತಾ ಇರಬೇಕು. ಇದರಿಂದ ಆಗುತ್ತಿದ್ದದ್ದೇನೆಂದರೆ, ಅಪ್‌ಡೇಟ್‌ಗಳು ನೆಟ್ಟಿನಿಂದ ಇಳಿದು ಒಳಗೆ ಕೂರುತ್ತಿದ್ದವು, ಜಾರಿಗೆ ಬರುತ್ತಿರಲಿಲ್ಲ. ರೀಸ್ಟಾರ್ಟ್ ಮಾಡಲೇ ಎಂದು ಪರದೆಯ ಮೂಲೆಯಲ್ಲಿ ಸಣ್ಣ ಚೌಕ ಏಳುತ್ತಿತ್ತು. ಮಲ್ಲೇಶಣ್ಣ, ಆಫೀಸಿಗೆ ಬಂದ ರಜಾ ಅರ್ಜಿಗೆ ಉತ್ತರ ಕೊಡುವವರಂತೆ, ಪ್ರತಿ ಸಲವೂ 'ಆಮೇಲೆ' ಒತ್ತುತ್ತಿದ್ದರು.

ನಾನು ಅದನ್ನು ನೋಡುತ್ತಿದ್ದೆ, ಏನೂ ಅನ್ನಿಸುತ್ತಿರಲಿಲ್ಲ. ಆ ಅಪ್‌ಡೇಟ್‌ಗಳಲ್ಲಿ ಬರುವುದಾದರೂ ಏನು? ಕಿಟಕಿಯ ಮೂಲೆ ಸ್ವಲ್ಪ ಗುಂಡಾಗುತ್ತದೆ, ಅದರ ಕೆಳಗೊಂದು ನೆರಳು ಬೀಳುತ್ತದೆ, ಫೋಲ್ಡರಿನ ಹಳದಿ ಒಂದಿಷ್ಟು ತಿಳಿಯಾಗುತ್ತದೆ, ಅಕ್ಷರದ ಅಂಚು ಮೆತ್ತಗಾಗುತ್ತದೆ. ಯಾರಿಗೂ ಕೇಡಿಲ್ಲದ ಸಣ್ಣ ಸಣ್ಣ ಚೆಂದ. ಮನೆಯ ಗೋಡೆ ಒಡೆದರೆ ನೆಲದಲ್ಲಿ ಅಡಿಪಾಯದ ಗುರುತಾದರೂ ಉಳಿಯುತ್ತದೆ; ಪರದೆಯಲ್ಲಿ ಬದಲಾದದ್ದಕ್ಕೆ ಗುರುತಿಲ್ಲ. ಈಗ ನಾನು ಆ ಮಳೆಗಾಲವನ್ನು ನೆನೆಸಿಕೊಂಡರೆ ಜೂನ್ ತಿಂಗಳ ಪರದೆಯಲ್ಲೂ ಗುಂಡುಮೂಲೆಯ ಕಿಟಕಿಗಳೇ ಕಾಣುತ್ತವೆ. ಅವು ಆಗ ಇರಲಿಲ್ಲ ಎಂದು ಗೊತ್ತಿದೆ. ಆದರೂ ಅವೇ ಕಾಣುತ್ತವೆ. ನನ್ನ ನೆನಪನ್ನು ನಾನು ನಂಬದಿರಲು ಶುರುಮಾಡಿದ್ದು ಅಲ್ಲಿಂದ.

ಜುಲೈನಲ್ಲಿ ಮಳೆ ದಪ್ಪವಾಯಿತು. ಸಿಲ್ವರ್ ಓಕ್ ಮರಗಳ ಮೇಲೆ ಗಾಳಿ ಬಂದು ಬೀಳುವ ಸದ್ದು ಹಗಲಿಡೀ. ಮೆಟ್ಟಿಲುಗಳು ಹತ್ತಿರವಾದವು. ಒಂದು ಬೆಳಿಗ್ಗೆ ಮಲ್ಲೇಶಣ್ಣ ಕರೆದು ತೋರಿಸಿದರು. ನಾನು ಮಾಲೀಕರಿಗೆ ಫೋನ್ ಮಾಡಿದೆ. ಮೈಸೂರಿನಲ್ಲಿದ್ದ ಅವರು, "ರೈಟ್ರು, ನೀವು ಕೂತು ನೋಡಿ, ಏನು ಬೇಕೋ ಮಾಡಿ" ಎಂದರು. ಲೈನಿನ ಮೇಲಿನ ಸಾಲಿನವರನ್ನು ಕಾಫಿ ಗೋಡೌನಿಗೆ ಸಾಗಿಸುವುದೆಂದು ಆಯಿತು. ಮಳೆಗಾಲದಲ್ಲಿ ಗೋಡೌನು ಖಾಲಿ.

ಅಲ್ಲಿ ನನ್ನೆದುರು ನಿಂತವಳು ಸರಸು. ಲೈನಿನ ಕೊನೆಯ ಮನೆ ಅವಳದು, ಗುಡ್ಡಕ್ಕೆ ಎಲ್ಲರಿಗಿಂತ ಹತ್ತಿರ. ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಕಾಲದಲ್ಲಿ ಹೆಂಗಸರ ಗುಂಪಿನ ಮುಂದೆ ನಡೆಯುವವಳು. ಮಗಳು ಸೆಲ್ವಿ ಬಾಣಂತನಕ್ಕೆ ಬಂದಿದ್ದಳು. ಹೆಣ್ಣು ಕೂಸು, ಇನ್ನೂ ಕತ್ತು ನಿಲ್ಲದ್ದು.

"ಗುಡ್ಡ ಬರ್ತದಾ ಸಾರ್?" ಎಂದು ಕೇಳಿದಳು.

"ಬರಬಹುದು."

"ಯಾವಾಗ?"

"ಹೇಳಕ್ಕಾಗಲ್ಲ."

"ಬರ್ದೇನೂ ಇರಬಹುದಾ?"

"ಇರಬಹುದು."

ಅವಳು ಹಿಂದೆ ನಿಂತಿದ್ದ ಹೆಂಗಸರ ಕಡೆ ತಿರುಗಿ, "ಕೇಳಿದ್ರಾ? ಇಷ್ಟು ಹೇಳಕ್ಕೆ ಮೈಸೂರಲ್ಲಿ ಓದಬೇಕಂತೆ" ಎಂದಳು. ಆ ದಿನದಿಂದ ನನಗೆ ಲೈನಿನಲ್ಲಿ 'ಇರಬಹುದು ಸಾರ್' ಎಂದೇ ಹೆಸರು. ನೀರಿನ ಹತ್ತಿರ, ಗೋಡೌನಿನ ಬಾಗಿಲಲ್ಲಿ, ನಾನು ಕೇಳಿಸಿಕೊಳ್ಳುವ ಹಾಗೆಯೇ ಕರೆಯುತ್ತಿದ್ದರು. ಅದು ತಮಾಷೆಯೇ. ಆದರೆ ದಿನ ಕಳೆದಂತೆ ಅದರಲ್ಲಿ ನಗು ಕಡಿಮೆಯಾಗುತ್ತಾ ಬಂತು.

ಗೋಡೌನಿನಲ್ಲಿ ಒಲೆ ಹಚ್ಚುವಂತಿರಲಿಲ್ಲ, ಖಾಲಿ ಗೋಣಿಚೀಲಗಳ ರಾಶಿ ಇತ್ತು. ನೆಲ ಸಿಮೆಂಟು, ಕೆಳಗಿನಿಂದ ಥಂಡಿ ಏರುತ್ತಿತ್ತು. ಎಷ್ಟು ದಿನ ಇದ್ದರು ಎಂಬುದು ನನಗೆ ಸರಿಯಾಗಿ ನೆನಪಿಲ್ಲ, ವಾರದ ಮೇಲಾಗಿತ್ತು. ಕೂಸಿಗೆ ಕೆಮ್ಮು ಹಿಡಿಯಿತು. ಅಷ್ಟು ಸಣ್ಣ ಎದೆಯಿಂದ ಅಂಥ ಸದ್ದು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಜ್ವರ. ಮರ ಬಿದ್ದು ಕರೆಂಟು ಹೋಯಿತು, ನೆಟ್ಟಿನ ತಂತಿ ಹೋಯಿತು, ಟವರಿನಲ್ಲಿ ಡೀಸೆಲ್ ಮುಗಿದು ಫೋನೂ ಹೋಯಿತು. ಮೈಸೂರಿನ ಲ್ಯಾಬಿಗೆ ಅಂಕಿಗಳು ಹೋಗುವುದು ನಿಂತಿತು. ಮಾಲೀಕರು ಸಿಗುತ್ತಿರಲಿಲ್ಲ. ಇನ್ನು ನಮಗೆ ಉಳಿದದ್ದು ಆ ಗೆರೆ ಒಂದೇ.

ಯುಪಿಎಸ್ ತಡೆಯುವಷ್ಟರಲ್ಲಿ ಎಸ್ಟೇಟಿನ ಜನರೇಟರು ಹಚ್ಚಿ ಸಿಸ್ಟಮ್ ಆರದಂತೆ ಓಡಿಸಿದೆವು. ಆ ಮಧ್ಯಾಹ್ನ ಡೀಸೆಲ್ ತಳ ಕಂಡಿದ್ದರಿಂದ ನಾನು ಕ್ಯಾನು ಹಿಡಿದು ಜೀಪಿನಲ್ಲಿ ಸುಂಟಿಕೊಪ್ಪಕ್ಕೆ ಹೊರಟೆ. ಅಲ್ಲಿಂದ ಲ್ಯಾಬಿಗೆ ಫೋನ್ ಸಿಗಬಹುದು ಎಂಬ ಆಸೆಯೂ ಇತ್ತು. ಅರ್ಧ ದಾರಿಯಲ್ಲಿ ರಸ್ತೆಗೆ ಅಡ್ಡ ಬಿದ್ದ ಮರವನ್ನು ಇನ್ನೂ ಕಡಿಯುತ್ತಿದ್ದರು. ಖಾಲಿ ಕ್ಯಾನಿನೊಂದಿಗೆ ವಾಪಸಾದೆ. ಮಳೆ ಅಂದು ತುಸು ಬಿಟ್ಟಿತ್ತು. ಮೋಡದ ಹಿಂದೆ ಬೆಳ್ಳಗಿನ ಬಿಸಿಲಿನ ಸುಳಿವೂ ಇತ್ತು. ಆಫೀಸಿನ ಅಂಗಳಕ್ಕೆ ಬಂದರೆ ಟ್ರಾಕ್ಟರಿನ ಟ್ರೈಲರಿಗೆ ಪಾತ್ರೆ, ಚಾಪೆ, ಹಾಸಿಗೆ ಏರಿಸುತ್ತಿದ್ದರು. ಸೆಲ್ವಿ ಕೂಸನ್ನು ಸೆರಗಿನೊಳಗೆ ಮುಚ್ಚಿಕೊಂಡು ಆಗಲೇ ಟ್ರೈಲರಿನಲ್ಲಿ ಕೂತಿದ್ದಳು.

"ಏನಿದು?" ಎಂದೆ.

ಸರಸು ನನ್ನ ಕಡೆ ನೋಡದೆ ಚಾಪೆ ಸುತ್ತುತ್ತಾ, "ಗುಡ್ಡ ನಿಂತಿದೆ. ರೈಟರ್ ನೋಡಿದ್ರು. ಮನೇಲಿ ಒಲೆ ಹಚ್ಚಿ ಕೂಸಿನ ಎದೆ ಕಾಯಿಸ್ಬೇಕು" ಎಂದಳು.

ಒಳಗೆ ಮಲ್ಲೇಶಣ್ಣ ಪರದೆಯ ಮುಂದೆ ಖುಷಿಯಾಗಿ ಕೂತಿದ್ದರು. ಕನ್ನಡಕ ಜೇಬಿನಲ್ಲೇ ಇತ್ತು.

"ನೀವು ಹೋದ್ಮೇಲೆ ಜನರೇಟರು ಒಂದ್ಸಲ ಕೆಮ್ಮಿ ನಿಂತೋಯ್ತು ಸಾರ್. ಸಿಸ್ಟಮ್ಮೂ ಆಫಾತು. ತಿರ್ಗ ಹಚ್ಚಿದ್ರೆ, ಏನೋ ಗಿರಗಿರ ತಿರುಗ್ತು ಬಾಳ ಹೊತ್ತು. ನಾನು ಸುಟ್ಟೇ ಹೋಯ್ತು ಅಂದ್ಕಂಡೆ. ಆಮೇಲೆ ನೋಡಿ, ಹೆಂಗೆ ಬಂದದೆ. ಅಕ್ಷರ ಎಲ್ಲಾ ದಪ್ಪಕೆ, ಕನ್ನಡಕನೇ ಬೇಡ. ಗೆರೆನೂ ನೋಡಿ. ಒಂದ್ ಮೆಟ್ಲಿಲ್ಲ. ಹುರಿ ಎಳ್ದಂಗದೆ."

ನಾನು ನೋಡಿದೆ. ಗೆರೆ ನಿಜಕ್ಕೂ ಹುರಿ ಎಳೆದಂತೆ ಇತ್ತು.

ಜೂನಿನಿಂದ ಇಳಿದು ಕೂತಿದ್ದ ಅಪ್‌ಡೇಟ್‌ಗಳೆಲ್ಲ, ಆ ಒಂದು ಆರುವಿಕೆಯಲ್ಲಿ, ಒಟ್ಟಿಗೆ ಜಾರಿಗೆ ಬಂದಿದ್ದವು. ಎಡಮೂಲೆಯ ಸ್ಟಾರ್ಟ್ ಗುಂಡಿ ನಡುವಿಗೆ ಬಂದಿತ್ತು. ಕಿಟಕಿಗಳ ಮೂಲೆ ಗುಂಡಾಗಿತ್ತು. ಕಣ್ಣಿಗೆ ಹಿತವಾಗಲೆಂದು ಪರದೆ ಎಲ್ಲವನ್ನೂ ಕಾಲು ಭಾಗ ಹಿಗ್ಗಿಸಿ ತೋರಿಸುತ್ತಿತ್ತು. ಹಿಗ್ಗಿಸುವಾಗ ಹಳೆಯ ಪ್ರೋಗ್ರಾಮುಗಳ ಒರಟು ಅಂಚನ್ನು ಮೆತ್ತಗೆ ಸವರುತ್ತಿತ್ತು. ಗೆರೆಯಾದರೋ ಯಂತ್ರ ಆರಿದ್ದರಿಂದ ಮೊದಲಿನಿಂದ ಶುರುವಾಗಿ, ಒಂದು ಬೆರಳಿನಷ್ಟೇ ಉದ್ದ ಇತ್ತು. ಅಷ್ಟು ಉದ್ದದಲ್ಲಿ ಗುಡ್ಡ ವಾಲಿದ್ದರೂ ಒಂದೆರಡು ಚುಕ್ಕಿಯಷ್ಟೇ ಏರಿರುತ್ತದೆ. ಹಳೆಯ ಪರದೆಯಲ್ಲಿ ಅದು ಮೆಟ್ಟಿಲಾಗಿ ಕಣ್ಣಿಗೆ ಹೊಡೆಯುತ್ತಿತ್ತು. ಇದರಲ್ಲಿ ಸವರಿಹೋಗಿ ನೇರ ಕಾಣುತ್ತಿದೆ. ಇಲ್ಲವೇ ಮಳೆ ಬಿಟ್ಟು ಗುಡ್ಡವೇ ನಿಂತಿದೆ. ಎರಡರಲ್ಲಿ ಯಾವುದು?

"ರೈಟ್ರೇ, ಇದು ಸ್ಕ್ರೀನ್ ಮಾಡಿದ್ದು. ಗುಡ್ಡ ಅಲ್ಲ" ಎಂದೆ.

"ಸ್ಕ್ರೀನ್ ಹೆಂಗೆ ಗುಡ್ಡ ನಿಲ್ಲಿಸ್ತದೆ ಸಾರ್?"

"ನಿಲ್ಲಿಸಲ್ಲ. ನಿಂತ ಹಾಗೆ ತೋರಿಸ್ತಿದೆ."

"ಅಂದ್ರೆ ಗುಡ್ಡ ನಿಂತಿಲ್ಲ?"

ಬಾಗಿಲಲ್ಲಿ ಸರಸು ನಿಂತಿದ್ದಳು, ಹಿಂದೆ ಇನ್ನಷ್ಟು ಹೆಂಗಸರು, ಗಂಡಸರು.

"ಹೇಳಿ ಸಾರ್, ನಿಂತಿಲ್ದೆ ಇರಬಹುದಾ?" ಎಂದಳು ಸರಸು. ಅವಳ ಹಿಂದಿನವರು ಯಾರೂ ನಗಲಿಲ್ಲ. "ನಿಮಗೆ ಗೊತ್ತಿದ್ರೆ ಗೊತ್ತಿದೆ ಅನ್ನಿ. ಗೊತ್ತಿಲ್ಲದಿದ್ರೆ ದಾರಿ ಬಿಡಿ. ಕೂಸಿನ ಜ್ವರ 'ಇರಬಹುದು' ಅಲ್ಲ, ಇದೆ."

ಆ ಗೋಡೌನಿನಲ್ಲಿ ಇನ್ನೊಂದು ರಾತ್ರಿ ಎಂದರೆ ಏನೆಂದು ಕೆಮ್ಮು ಕೇಳಿದವರಿಗೆಲ್ಲ ಗೊತ್ತಿತ್ತು. ಲೈನಿನಲ್ಲಿ ಒಲೆಯಿದೆ, ಬೆಚ್ಚಗಿನ ಗೋಡೆಯಿದೆ. ಆ ಗೋಡೆಯ ಹಿಂದೆ ಗುಡ್ಡವಿದೆ.

ಕುರ್ಚಿಗೆ ಕೂತು ಮೌಸ್ ಹಿಡಿದೆ. ಪರದೆಯ ಗಾತ್ರವನ್ನು ಹಿಂದಿನಂತೆ ಮಾಡಿಬಿಟ್ಟರೆ ಮೆಟ್ಟಿಲು ಇದ್ದರೆ ಕಾಣುತ್ತದೆ, ಇಲ್ಲದಿದ್ದರೆ ಇಲ್ಲ. ಆಗ ಎಲ್ಲರೂ ನೋಡಬಹುದು. ಅಷ್ಟರಲ್ಲಿ ಹೊರಗೆ ಜನರೇಟರು ಎರಡು ಸಲ ಎಳೆದು ಉಸಿರು ಬಿಟ್ಟಿತು. ಮೇಜಿನ ಕೆಳಗೆ ಯುಪಿಎಸ್ ಕೂಗಲು ಶುರುಮಾಡಿತು. ಅದರ ಬ್ಯಾಟರಿ ಹಳೆಯದು, ಎಷ್ಟು ಹೊತ್ತು ತಡೆಯುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಕೈ ತಾನಾಗಿ ಎಡಮೂಲೆಗೆ ಹೋಯಿತು. ಅಲ್ಲಿ ಮೋಡದ ಚಿತ್ರ, ಹವಾಮಾನದ ಸುದ್ದಿ. ಒತ್ತಿದರೆ ನೆಟ್ ಇಲ್ಲವೆಂದು ಒಂದು ದೊಡ್ಡ ಕಿಟಕಿ ತೆರೆದು ಅರ್ಧ ಪರದೆ ಮುಚ್ಚಿತು. ಅದನ್ನು ಮುಚ್ಚಿ ನಡುವಿಗೆ ಬಂದೆ. ಬಲಗುಂಡಿ ಒತ್ತಿದರೆ ಬರುತ್ತಿದ್ದ ಉದ್ದ ಪಟ್ಟಿ ಚಿಕ್ಕದಾಗಿತ್ತು. ನನಗೆ ಬೇಕಾದದ್ದು ಅದರಲ್ಲಿರಲಿಲ್ಲ, 'ಇನ್ನಷ್ಟು' ಎಂಬುದರೊಳಗೆ ಹೋಗಿತ್ತು. ಸೆಟ್ಟಿಂಗ್ಸ್ ತೆರೆದೆ. ಅದರ ಮನೆಯನ್ನೇ ಒಡೆದು ಕಟ್ಟಿದ್ದರು. ಯುಪಿಎಸ್ಸಿನ ಕೂಗು ಬಿಟ್ಟುಬಿಟ್ಟು ಬರುತ್ತಿದ್ದದ್ದು ಈಗ ಬೆನ್ನುಬೆನ್ನಿಗೆ ಬರತೊಡಗಿತು. ಹಿಂದೆ ಯಾರೋ, "ಬಾ ಸರಸಕ್ಕ, ಮಳೆ ಮತ್ತೆ ಬರೋದ್ರೊಳಗೆ ಹೋಗೋಣ" ಎಂದರು. ಡಿಸ್‌ಪ್ಲೇ ಸಿಕ್ಕಿತು. ಗಾತ್ರ ಸಿಕ್ಕಿತು. ಒತ್ತಿದೆ. ಇಡೀ ಪರದೆ ಒಮ್ಮೆ ಮಿಟುಕಿ, ಎಲ್ಲವೂ ಕುಗ್ಗಿ ಚಿಕ್ಕದಾಯಿತು. ಗೆರೆಯ ಕಿಟಕಿಯ ಕಡೆ ನೋಡಿದೆ.

ಪರದೆ ಕಪ್ಪಾಯಿತು. ಕೂಗೂ ನಿಂತಿತು.

ನನ್ನ ನೆನಪು ಹೀಗಿದೆ: ಕಪ್ಪಾಗುವ ಮೊದಲಿನ ಆ ಒಂದು ಮಿಟುಕಿನಲ್ಲಿ ಗೆರೆಯ ಮೇಲೆ ಮೆಟ್ಟಿಲುಗಳಿದ್ದವು. ಒತ್ತೊತ್ತಾಗಿ, ಹಲ್ಲಿನ ಹಾಗೆ. ನಾನು ಕುರ್ಚಿಯಲ್ಲೇ ತಿರುಗಿ ಹೇಳಿದೆ: "ಮೆಟ್ಟಿಲಿದೆ. ನಾನು ನೋಡಿದೆ. ಗುಡ್ಡ ಬರ್ತಾ ಇದೆ. ಯಾರೂ ಹೋಗಬೇಡಿ."

ಸರಸು ನನ್ನ ಮುಖವನ್ನೇ ನೋಡುತ್ತಿದ್ದಳು. ಆಗ ನನ್ನ ಪಕ್ಕದಿಂದ ಮಲ್ಲೇಶಣ್ಣ, ಕನ್ನಡಕವಿಲ್ಲದ ಮಲ್ಲೇಶಣ್ಣ, "ನಾನೂ ನೋಡ್ದೆ. ಇಳ್ಸಿ ಸಾಮಾನ" ಎಂದರು.

ಸಾಮಾನು ಇಳಿಯಿತು. ಸರಸು ಸೆಲ್ವಿಯ ಕೈಯಿಂದ ಕೂಸನ್ನು ತೆಗೆದುಕೊಂಡು ಗೋಡೌನಿಗೆ ಹೋಗಲಿಲ್ಲ. ಸೀದಾ ಈ ಒಳಕೋಣೆಗೆ ಬಂದಳು. ಮಲ್ಲೇಶಣ್ಣ ಕಂಪ್ಯೂಟರಿನ ಮೇಲಿದ್ದ ಕಂಬಳಿ ಎಳೆದು ಕೊಟ್ಟರು. ಅಂಗಳದಲ್ಲಿ ಬಾಣಲೆಯಲ್ಲಿ ಇದ್ದಿಲು ಹಚ್ಚಿ ಒಳಗೆ ತಂದಿಟ್ಟರು, ಕಿಟಕಿ ತೆರೆದಿಟ್ಟು. ಮಳೆ ಮತ್ತೆ ಹಿಡಿಯಿತು. ಕೂಸು ಕೆಮ್ಮುತ್ತಲೇ ಇತ್ತು, ಪ್ರತಿ ಕೆಮ್ಮಿಗೂ ನಾನು ಲೆಕ್ಕ ಹಾಕುತ್ತಿದ್ದೆ: ಗುಡ್ಡ ಬರದಿದ್ದರೆ? ಇದಕ್ಕೇನಾದರೂ ಆದರೆ?

ಅದಾದ ಎರಡು ದಿನಕ್ಕೆ ಎಂದು ರೈಟರ್ ಹೇಳುತ್ತಾರೆ, ಮೂರು ಎಂದು ನಾನು ತಿಳಿದಿದ್ದೆ. ಬೆಳಿಗ್ಗೆ ಜಲ್ಲಿ ಲಾರಿ ಸುರಿದ ಹಾಗೆ ಸದ್ದಾಯಿತು. ದೊಡ್ಡ ಸದ್ದೇನಲ್ಲ. ಗುಡ್ಡ ಪೂರ್ತಿ ಬರಲಿಲ್ಲ, ಅದರ ಒಂದು ಮಗ್ಗುಲು ಇಳಿಯಿತು. ನನ್ನ ಕೊಳವೆ, ತಂತಿ ಎಲ್ಲ ಅದರೊಂದಿಗೆ ಹೋದವು. ಮಣ್ಣು ಲೈನಿನ ಉಳಿದ ಮನೆಗಳನ್ನು ಮುಟ್ಟದೆ ಕೊನೆಯದಕ್ಕೆ ಮಾತ್ರ ನುಗ್ಗಿತು. ಹಿಂದಿನ ಗೋಡೆ ಒಲೆಯ ಮೇಲೆ ಮಲಗಿತ್ತು. ತೊಲೆಗೆ ಕಟ್ಟಿದ್ದ ಸೀರೆಯ ತೊಟ್ಟಿಲು ಹಾಗೇ ಇತ್ತು, ಅದರ ತಳ ಕೆಸರಿನೊಳಗೆ ಹೂತು ಬಿಗಿಯಾಗಿ ನಿಂತಿತ್ತು. ಸರಸು ಅದನ್ನು ನೋಡಿದಳು. ಬಗ್ಗಿ ಸೀರೆಯನ್ನು ಎಳೆದಳು. ಬರಲಿಲ್ಲ. ಬಿಟ್ಟಳು.

ದಾರಿ ತೆರೆದ ದಿನ ಕೂಸನ್ನು ಮಡಿಕೇರಿಗೆ ಒಯ್ದರು. ಉಳಿಯಿತು. ನಾನು ಆ ತಿಂಗಳೇ ಇಲ್ಲಿಂದ ಹೋದೆ.

ಆಮೇಲೆ ಎಲ್ಲೆಲ್ಲೋ ಈ ಕತೆ ಹೇಳಿದೆ. ಹೇಳಿದಾಗಲೆಲ್ಲ ಮೆಟ್ಟಿಲುಗಳು ಇನ್ನಷ್ಟು ಚೂಪಾಗುತ್ತಿದ್ದವು. ಅದೇ ನನಗೆ ಸಂಶಯ ಹುಟ್ಟಿಸಿತು. ಬೇರೆ ಬೇರೆ ಕಂಪ್ಯೂಟರುಗಳಲ್ಲಿ ಪರೀಕ್ಷೆ ಮಾಡಿ ನೋಡಿದೆ. ಗಾತ್ರ ಬದಲಿಸಿದರೆ ಕೆಲವುಗಳಲ್ಲಿ ತೆರೆದಿರುವ ಹಳೆಯ ಪ್ರೋಗ್ರಾಮೂ ಕೂಡಲೇ ಬದಲಾಗುತ್ತದೆ. ಕೆಲವುಗಳಲ್ಲಿ ಒಮ್ಮೆ ಹೊರಗೆ ಹೋಗಿ ಬರುವವರೆಗೆ ಅದು ಸವರಿದ ಹಾಗೇ ಉಳಿಯುತ್ತದೆ. ಯಾವ ಆವೃತ್ತಿಯಲ್ಲಿ ಯಾವುದು ಎಂದು ತಿಳಿಯಲು ಆ ಆವೃತ್ತಿಯೇ ಬೇಕು, ಅಷ್ಟರಲ್ಲಿ ಎಲ್ಲ ಕಡೆಯೂ ಅದರ ಮೇಲೆ ಇನ್ನೊಂದು ಬಂದಿರುತ್ತಿತ್ತು. ನನಗೆ ಉಳಿದ ಒಂದೇ ಸಾಕ್ಷಿ ಎಂದರೆ ಮಲ್ಲೇಶಣ್ಣ. ಅವರೂ ನೋಡಿದ್ದರಲ್ಲ.

ಈಗ ಅವರು ಕಂಬಳಿ ಸರಿಸಿದರು. ಕರೆಂಟ್ ಇತ್ತು. ಯಂತ್ರ ಹೊತ್ತಿತು, ಸುಡಲಿಲ್ಲ.

"ನೆಟ್ ಕೊಟ್ಟಿಲ್ವಾ ಇದಕ್ಕೆ, ಆಮೇಲೆ?" ಎಂದು ಕೇಳಿದೆ.

"ಎಲ್ಲಿ ಕೊಡದು? ಕೊಟ್ರೆ ತಿರ್ಗ ಏನಾರ ಚೆಂದ ಮಾಡ್ಬಿಡ್ತದೆ."

ಅದೇ ಪರದೆ. ನಡುವಿನ ಗುಂಡಿ, ದಪ್ಪ ಅಕ್ಷರ. ಅಂದು ನಾನು ಮಾಡಿದ ಬದಲಾವಣೆ ಉಳಿಯುವ ಮೊದಲೇ ಯಂತ್ರ ಆರಿದ್ದರಿಂದ ಎಲ್ಲವೂ ಹಿಗ್ಗಿಯೇ ಇತ್ತು. ಗೆರೆಯ ಪ್ರೋಗ್ರಾಂ ತೆರೆದೆ. ಹೊಸ ಅಂಕಿ ಬರದಿದ್ದರೆ ಅದು ಕೊನೆಗೆ ಉಳಿಸಿಕೊಂಡ ಗೆರೆಯನ್ನೇ ತೋರಿಸುತ್ತದೆ; ಆ ಮಧ್ಯಾಹ್ನದ ಬೆರಳುದ್ದದ ಗೆರೆ ಅಲ್ಲೇ ಇತ್ತು, ನುಣ್ಣಗೆ. ಸೆಟ್ಟಿಂಗ್ಸಿಗೆ ಹೋದೆ. ಈ ಸಲ ದಾರಿ ಗೊತ್ತಿತ್ತು. ಗಾತ್ರ ಬದಲಿಸಿದೆ. ಪರದೆ ಮಿಟುಕಿತು, ಎಲ್ಲವೂ ಕುಗ್ಗಿತು.

ಗೆರೆ ನುಣ್ಣಗೇ ಇತ್ತು.

ಕಾದೆ. ಬದಲಾಗಲಿಲ್ಲ. ಸೆಟ್ಟಿಂಗ್ಸಿನ ಕೆಳಗೆ ಒಂದು ಸಣ್ಣ ಸಾಲು ಮೂಡಿತ್ತು: ಸೈನ್ ಔಟ್ ಆಗಿ ಬರುವವರೆಗೆ ಕೆಲವು ಪ್ರೋಗ್ರಾಮುಗಳಲ್ಲಿ ಈ ಬದಲಾವಣೆ ಕಾಣುವುದಿಲ್ಲ, ಎಂದು.

"ಏನಾತು ಸಾರ್?" ಎಂದರು ಮಲ್ಲೇಶಣ್ಣ.

"ರೈಟ್ರೇ, ಅವತ್ತು ನಾನು ಮೆಟ್ಟಿಲು ನೋಡಿರೋಕೆ ಸಾಧ್ಯವೇ ಇಲ್ಲ."

ಅವರು ವಿಭೂತಿಯ ಹಣೆ ಕೆರೆದುಕೊಂಡರು. "ಹಂಗಾರೆ ನಾನೂ ನೋಡಿರ್ಲಿಲ್ಲ ಬಿಡಿ."

"ನೀವು ನೋಡಿದೆ ಅಂದ್ರಿ."

"ನೀವು ಅಂದ್ರಿ, ನಾನೂ ಅಂದೆ. ಕನ್ನಡಕ ಜೇಬಲ್ಲಿತ್ತು. ನಂಗೆ ಕಂಡಿದ್ದು ಬರೀ ಬೆಳಕು, ಆಮೇಲೆ ಕತ್ಲೆ."

ನಾಲ್ಕು ವರ್ಷ ಅವರ ಕಣ್ಣನ್ನು ನನ್ನ ಕಣ್ಣಿಗೆ ಆಧಾರ ಮಾಡಿಕೊಂಡಿದ್ದೆ. ಅವರು ನನ್ನದನ್ನು. ಬಾಗಿಲಿಗೆ ಯಾರೋ ಬಂದರು. ಸರಸು, ಕೈಯಲ್ಲಿ ಕಾಫಿ ಲೋಟಗಳು, ಸೊಂಟ ಹಿಡಿದು ಅಂದಿನ ಕೂಸು, ಈಗ ನಾಲ್ಕರ ಹುಡುಗಿ. ಹುಡುಗಿಯ ಮೂಗಿನಿಂದ ಸಿಂಬಳ ಇಳಿದಿತ್ತು, ಕೆಮ್ಮು ಇರಲಿಲ್ಲ.

"ಓ, ಇರಬಹುದು ಸಾರ್ ಬಂದವ್ರೆ" ಎಂದಳು.

ಮಲ್ಲೇಶಣ್ಣ ಅವಳಿಗೆ ಹೇಳಿಯೇಬಿಟ್ಟರು. "ಕೇಳಿದ್ಯಾ ಸರಸಮ್ಮ, ಅವತ್ತು ಇವ್ರೂ ನೋಡಿಲ್ಲ, ನಾನೂ ನೋಡಿಲ್ಲ."

ಅವಳು ಲೋಟಗಳನ್ನು ಮೇಜಿನ ಮೇಲೆ ಇಟ್ಟಳು. "ಅದು ನಂಗೆ ಗೊತ್ತಿತ್ತಲ್ಲ. ನಾನು ಬಾಗಿಲಲ್ಲೇ ಇದ್ದೆ. ಸ್ಕ್ರೀನ್ ಮಿಟುಕ್ತಿದ್ದಂಗೇ ಲೈಟು ಹೋಯ್ತು, ಆಮೇಲೆ ನೀವು ಈ ಕಡೆ ತಿರುಗಿದ್ದು. ಎಲ್ಲಿ ನೋಡ್ತೀರಿ?"

"ಮತ್ತೆ ಸಾಮಾನು ಯಾಕೆ ಇಳಿಸಿದ್ರಿ?"

"ಅಲ್ಲಿವರೆಗೂ ನಿಮ್ಮ ಬಾಯಲ್ಲಿ ಇರಬಹುದು, ಬರಬಹುದು ಬಿಟ್ರೆ ಒಂದು ಮಾತ್ ಬಂದಿಲ್ಲ. ಅವತ್ತು 'ಗುಡ್ಡ ಬರ್ತಾ ಇದೆ' ಅಂದ್ರಿ." ಹುಡುಗಿಯ ಮೂಗನ್ನು ಸೆರಗಿನಿಂದ ಒರೆಸಿದಳು. "ನನಗೆ ಭಯ ಹುಟ್ಟಿದ್ದೇ ಆಗ. ಇಂಥವರೇ ಅಂದ್ರಲ್ಲ ಅಂತ."

ಕಾಫಿ ಕುಡಿದೆ. ಬೆಲ್ಲದ ಕಾಫಿ, ತುಂಬ ಸಿಹಿ. ಹೊರಗೆ ಗುಜರಿಯವನ ಗಾಡಿ ಗೇಟಿನ ಹತ್ತಿರ ಹಾರನ್ ಹೊಡೆಯಿತು. ಕುಡಿದು ಮುಗಿಸಿ ಲೋಟ ಇಟ್ಟು ಮತ್ತೆ ಮೌಸ್ ಹಿಡಿದೆ.

"ಇನ್ನೇನು ನೋಡದು ಸಾರ್? ಗುಡ್ಡ ಬಂದಾತಲ್ಲ" ಎಂದರು ಮಲ್ಲೇಶಣ್ಣ.

"ಒಂದು ನಿಮಿಷ."

ಸೈನ್ ಔಟ್ ಆದೆ. ಒಳಗೆ ಬಂದೆ. ಪ್ರೋಗ್ರಾಂ ತೆರೆದೆ. ಗೆರೆ ಬಂತು, ಈ ಸಲ ಒರಟಾಗಿ, ಚುಕ್ಕಿ ಚುಕ್ಕಿಯಾಗಿ. ಬೆರಳುದ್ದದೊಳಗೆ ಎರಡು ಕಡೆ ಗೆರೆ ಮುರಿದು ಮೇಲೇರಿತ್ತು. ನನ್ನ ನೆನಪಿನಲ್ಲಿದ್ದ ಹಾಗೆ ಒತ್ತೊತ್ತಾಗಿ, ಹಲ್ಲಿನ ಹಾಗೆ ಅಲ್ಲ. ಎರಡೇ. ಆದರೆ ಇದ್ದವು.

ಮಲ್ಲೇಶಣ್ಣ ಬಗ್ಗಿದರು. ಅಕ್ಷರಗಳೆಲ್ಲ ಚಿಕ್ಕದಾಗಿದ್ದವು. ಜೇಬಿನಿಂದ ಕನ್ನಡಕ ತೆಗೆದು, ಪಂಚೆಯ ತುದಿಯಲ್ಲಿ ಒರೆಸಿ, ಕಿವಿಗೆ ಸಿಕ್ಕಿಸಿಕೊಂಡು ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದರು. ಗೆರೆಯ ಮೇಲೆ ಬೆರಳಾಡಿಸಿದರು.

"ಈಗ ನೋಡ್ದೆ ಸಾರ್" ಎಂದರು.

ನಾನು ಯಂತ್ರ ಆರಿಸಲು ಕೈ ಚಾಚಿದೆ. ಅವರು ನನ್ನ ಕೈ ಸರಿಸಿ, ಪರದೆ ಉರಿಯುತ್ತಿದ್ದ ಹಾಗೇ ಅದರ ಮೇಲೆ ಕಂಬಳಿ ಎಳೆದರು.

"ಆರಿಸ್ಬೇಡಿ. ಅವ್ನು ಗಾಡಿ ತಿರುಗ್ಸಿ ಒಳಗೆ ಬರೋಗಂಟ ಬೆಚ್ಚಗಿರ್ಲಿ."